ನಿರಾಶ್ರಿತರು ಬಂದರೆ ನಮ್ಮ ಕೂಲಿ ಯಾಕೆ ಇಳಿಯುತ್ತದೆ?



"ಹೊರಗಿನವರು ಬಂದು ಕೂಲಿ ಕೆಡಿಸಿದರು" ಎಂಬ ಮಾತನ್ನು ನಾವು ಸಂಘದ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಇದು ಎಷ್ಟು ನಿಜ? ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯಲ್ಲಿ ಏನಾಯಿತೆಂದು ನೋಡೋಣ.

2017ರ ಆಗಸ್ಟ್ ಕೊನೆಯಲ್ಲಿ ಮ್ಯಾನ್ಮಾರ್ ಸೈನ್ಯದ ದಾಳಿಗೆ ಸಿಕ್ಕಿ ರೋಹಿಂಗ್ಯಾ ಜನರು ಮನೆ-ಮಠ ಬಿಟ್ಟು ಗಡಿ ದಾಟಿದರು. ಕೆಲವೇ ತಿಂಗಳಲ್ಲಿ ಬಂದವರು 7 ಲಕ್ಷಕ್ಕೂ ಹೆಚ್ಚು. ಅವರು ನೆಲೆಸಿದ ಉಖಿಯಾ, ಟೆಕ್ನಾಫ್ ತಾಲೂಕುಗಳಲ್ಲಿ ಊರಿನವರು ಇದ್ದದ್ದೇ ಸುಮಾರು 5 ಲಕ್ಷ. ಮನೆಯವರಿಗಿಂತ ನೆಂಟರೇ ಹೆಚ್ಚಾದ ಹಾಗೆ! ಆದರೂ ಮೊದಲ ದಿನಗಳಲ್ಲಿ ಅನ್ನ-ನೀರು ಕೊಟ್ಟವರು ಆ ಊರಿನವರೇ.

ಆಮೇಲೆ ಕಷ್ಟ ಶುರುವಾಯಿತು. ಸೌದೆಗಾಗಿ ಗುಡ್ಡಗಳು ಬೋಳಾದವು. 2018ರಿಂದ ಶಿಬಿರಗಳಲ್ಲಿ ಗ್ಯಾಸ್ ಸಿಲಿಂಡರ್ ಹಂಚಿದ ಮೇಲೆ ಮರ ಕಡಿಯುವುದು ಕಡಿಮೆಯಾಯಿತು. ತರಕಾರಿ, ಮೀನಿನ ಬೆಲೆ ಏರಿತು, ಮನೆ ಬಾಡಿಗೆಯೂ ಏರಿತು. ಎಲ್ಲರಿಗೂ ನಷ್ಟವೇ ಆಯಿತೆಂದಲ್ಲ. ಅಂಗಡಿ, ಬಾಡಿಗೆ ಮನೆ, ವಾಹನ ಇದ್ದವರು ಚೆನ್ನಾಗಿ ಸಂಪಾದಿಸಿದರು. ಓದಿದ ಯುವಕ ಯುವತಿಯರಿಗೆ ಸೇವಾ ಸಂಸ್ಥೆಗಳಲ್ಲಿ ಕೆಲಸ ಸಿಕ್ಕಿತು. ಪೆಟ್ಟು ಬಿದ್ದದ್ದು ದಿನಗೂಲಿಯವರಿಗೆ.

ಯಾಕೆ ಹೀಗಾಯಿತು? ರೋಹಿಂಗ್ಯಾರಿಗೆ ಶಿಬಿರದ ಹೊರಗೆ ದುಡಿಯುವ ಹಕ್ಕನ್ನು ಸರ್ಕಾರ ಕೊಡಲಿಲ್ಲ. ರೇಷನ್ನಿನಲ್ಲಿ ಅಕ್ಕಿ, ಬೇಳೆ, ಎಣ್ಣೆ ಸಿಗಬಹುದು. ಮಿಕ್ಕ ಖರ್ಚಿಗೆ ಏನು ಮಾಡುವುದು? ಹಾಗಾಗಿ ಕದ್ದುಮುಚ್ಚಿ ಉಪ್ಪಿನ ಗದ್ದೆಗೆ, ಮೀನು ಒಣಗಿಸುವಲ್ಲಿಗೆ, ಕಟ್ಟಡ ಕೆಲಸಕ್ಕೆ ಹೋದರು. ಕೊಟ್ಟಷ್ಟು ತೆಗೆದುಕೊಳ್ಳಬೇಕು, ಜಾಸ್ತಿ ಕೇಳಿದರೆ ಪೊಲೀಸರ ಹೆದರಿಕೆ. ಅಷ್ಟು ಕಡಿಮೆಗೆ ಆಳು ಸಿಕ್ಕಿದ ಮೇಲೆ ಧಣಿ ಊರಿನ ಹೆಂಗಸಿಗೂ "ಅದೇ ರೇಟಿಗೆ ಬರೋದಾದ್ರೆ ಬಾ" ಅನ್ನದೆ ಇರುತ್ತಾನೆಯೇ? ಹೀಗೆ ಉಳಿದ ದುಡ್ಡು ನಿರಾಶ್ರಿತಳ ಸೆರಗಿನ ಗಂಟಿಗಂತೂ ಸೇರಲಿಲ್ಲ.

ನಿರಾಶ್ರಿತರು ಬಂದಲ್ಲೆಲ್ಲಾ ಹೀಗೇ ಆಗಬೇಕೆಂದಿಲ್ಲ. ನಮ್ಮದೇ ಬೈಲಕುಪ್ಪೆಯನ್ನು ನೋಡಿ. ಟಿಬೆಟಿನಿಂದ ಬಂದವರಿಗೆ 1960ರ ಹೊತ್ತಿಗೆ ಆಗಿನ ಮೈಸೂರು ಸರ್ಕಾರ ಅಲ್ಲಿ ಜಮೀನು ಒದಗಿಸಿತು. ಅವರು ಕಾಡು ಸವರಿ ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು. ಮುಂದೆ ಸುತ್ತಲಿನ ಊರಿನವರೇ ಅವರ ಹೊಲಕ್ಕೆ ಕೂಲಿಗೆ ಹೋದರು. ಅಲ್ಲಿ ಬಂದವರ ಸಂಖ್ಯೆ ಕಡಿಮೆ, ಕೊಡಲು ನೆಲವೂ ಇತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ಅವರು ಯಾರಿಗೂ ಹೆದರಿ, ಅಡಗಿ ದುಡಿಯಬೇಕಾಗಿರಲಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ: ನಿಮ್ಮ ಊರಿನ ತೋಟ, ಇಟ್ಟಿಗೆ ಗೂಡುಗಳಲ್ಲಿ ಹೊರಗಿನಿಂದ ಬಂದ ಹೆಂಗಸರಿಗೆ ದಿನಕ್ಕೆ ಎಷ್ಟು ಕೂಲಿ? ನಿಮಗೆ ಎಷ್ಟು? ಆ ದರ ಹೇಳುವವರು ಯಾರು? ಅವರಲ್ಲಿ ಯಾರನ್ನಾದರೂ ನೀವು ಒಮ್ಮೆಯಾದರೂ ಮಾತನಾಡಿಸಿದ್ದೀರಾ?