ಹೈಸ್ಕೂಲಿನಿಂದಲೇ ಆರೋಗ್ಯ ಸೇವೆಯ ಕಲಿಕೆ

ಬೆಂಗಳೂರಿನ ದಂಡು ಪ್ರದೇಶ, ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳಿಂದ ಅಮೆರಿಕಕ್ಕೆ ಬಂದು ನೆಲೆಸುವ ಕುಟುಂಬಗಳಲ್ಲಿ ಮಕ್ಕಳನ್ನು ಡಾಕ್ಟರ್ ಓದಿಸುವ ಆಸೆ ಇದ್ದರೆ, ಅದರ ದಾರಿಯ ಕಲ್ಪನೆ ಬಹುಮಟ್ಟಿಗೆ ಪಿಯುಸಿ ವಿಜ್ಞಾನ, ಕೋಚಿಂಗ್ ಮತ್ತು ನೀಟ್ ಪರೀಕ್ಷೆಗಳಲ್ಲೇ ಮುಗಿದಿರುತ್ತದೆ. ಆ ಕ್ರಮದಲ್ಲಿ ವಿದ್ಯಾರ್ಥಿಗಳು ಸೀಟು ಸಿಕ್ಕ ಮೇಲಷ್ಟೇ ವಾರ್ಡಿಗೆ ಕಾಲಿಡುವುದರಿಂದ, ರೋಗಿಯ ಬಳಿ ನಿಲ್ಲುವ ಮನಸ್ಸು ತಮಗಿದೆಯೇ ಎಂಬುದು ತಿಳಿಯುವುದೂ ತಡವಾಗಿಯೇ.

ಕೈಯಾರೆ ಮಾಡಿ ಕಲಿಯುವ ಪದ್ಧತಿ ಊರಿನಲ್ಲಿ ಇಲ್ಲವೆಂದಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಲ್ಲಿ 19ನೆಯ ಶತಮಾನದಲ್ಲಿ ಶಿವಾಜಿನಗರದಲ್ಲಿ ಆರಂಭವಾದ ಬೌರಿಂಗ್ ಆಸ್ಪತ್ರೆಯು ಹಲವು ತಲೆಮಾರಿನ ವೈದ್ಯ ವಿದ್ಯಾರ್ಥಿಗಳಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಪಾಠ ಕಲಿಸಿದೆ. ಪ್ರಯೋಗಾಲಯ, ಎಕ್ಸ್-ರೇ, ಡಯಾಲಿಸಿಸ್ ಮುಂತಾದ ವಿಭಾಗಗಳ ತಂತ್ರಜ್ಞರನ್ನು ಸಿದ್ಧಪಡಿಸುವ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿಗೆ ಎಸ್ಸೆಸ್ಸೆಲ್ಸಿ ಮುಗಿಸಿದವರೂ ಸೇರುತ್ತಾ ಬಂದಿದ್ದಾರೆ. ಮಧ್ಯಮ ವರ್ಗದ ಮನೆಗಳು ಇದನ್ನು ಸೀಟು ಸಿಗದವರ ಪಾಲಿನದೆಂದು ಬದಿಗೊತ್ತಿರುವುದು ಅನ್ಯಾಯ. ಆ ಧೋರಣೆ ಸಾಗರ ದಾಟಿ ಬಂದರೆ ಮಕ್ಕಳಿಗೇ ನಷ್ಟ.

ಏಕೆಂದರೆ ಅಮೆರಿಕದ ಹಲವು ಹೈಸ್ಕೂಲುಗಳಲ್ಲಿ ‘ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್’ ಎಂಬ, ದಾದಿಯರ ಕೈಕೆಳಗೆ ರೋಗಿಯ ದಿನನಿತ್ಯದ ಆರೈಕೆ ಮಾಡುವವರ ತರಬೇತಿ ದೊರೆಯುತ್ತದೆ. ಕೇಂದ್ರ ಸರ್ಕಾರದ ನಿಯಮದಂತೆ ಇದು ಕನಿಷ್ಠ 75 ಗಂಟೆಗಳದ್ದು, ಅದರಲ್ಲಿ 16 ಗಂಟೆಯಾದರೂ ಮೇಲ್ವಿಚಾರಣೆಯ ಪ್ರಾಯೋಗಿಕ ತರಬೇತಿಯಾಗಿರಬೇಕು. ಎಷ್ಟೋ ರಾಜ್ಯಗಳು ಇದಕ್ಕಿಂತ ಹೆಚ್ಚು ಕೇಳುತ್ತವೆ. ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸುವುದು, ಗಾಲಿಕುರ್ಚಿಯ ಬ್ರೇಕು ಹಾಕಿದ ಮೇಲೆಯೇ ರೋಗಿಯನ್ನು ಎಬ್ಬಿಸುವುದು, ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಂತೆ ಆಗಾಗ ಮಗ್ಗುಲು ಬದಲಿಸಿ ಚರ್ಮ ಕೆಂಪಾಗಿದೆಯೇ ಎಂದು ನೋಡುವುದು ಇಲ್ಲಿನ ಪಾಠಗಳು. ಇದನ್ನು ಆಯಾ ಕೆಲಸವೆಂದು ಹಗುರವಾಗಿ ಕಾಣುವ ಪಾಲಕರು, ಇಲ್ಲಿ ಸಾಮಾನ್ಯವಾಗಿ 4 ವರ್ಷಗಳ ಪದವಿಯ ನಂತರವೇ ವೈದ್ಯಕೀಯ ಕಾಲೇಜು ಬರುತ್ತದೆ, ಅಲ್ಲಿನ ಪ್ರವೇಶದಲ್ಲಿ ರೋಗಿಗಳ ನಡುವಿನ ಅನುಭವಕ್ಕೂ ಬೆಲೆಯಿದೆ ಎಂಬುದನ್ನು ಗಮನಿಸಬೇಕು. 1976ರಲ್ಲಿ ಆರಂಭವಾದ ‘ಹೋಸಾ’ ಎಂಬ, ಆರೋಗ್ಯ ವೃತ್ತಿಗಳತ್ತ ಒಲವುಳ್ಳ ವಿದ್ಯಾರ್ಥಿಗಳ ಸಂಘಟನೆಯ ಘಟಕ ಶಾಲೆಯಲ್ಲಿದೆಯೇ ಎಂದೂ ಕೌನ್ಸೆಲರರನ್ನು ವಿಚಾರಿಸುವುದು ಒಳ್ಳೆಯದು.

ಆಸ್ಪತ್ರೆಯ ಸ್ವಯಂಸೇವೆಗೂ ತರಬೇತಿಗೂ ಲಸಿಕೆಯ ದಾಖಲೆ ಮತ್ತು ಕ್ಷಯರೋಗದ ತಪಾಸಣೆ ಕೇಳುವುದು ವಾಡಿಕೆ. ಭಾರತದಲ್ಲಿ ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಹಾಕಿಸುವ ಬಿಸಿಜಿ ಲಸಿಕೆಯಿಂದಾಗಿ ಚರ್ಮದ ಪರೀಕ್ಷೆಯು ಸೋಂಕಿಲ್ಲದಿದ್ದರೂ ಇದೆಯೆಂದು ತೋರಿಸಬಹುದಾದ್ದರಿಂದ, ಬಿಸಿಜಿಯ ಪ್ರಭಾವಕ್ಕೆ ಒಳಗಾಗದ ‘ಇಗ್ರಾ’ ರಕ್ತಪರೀಕ್ಷೆಯನ್ನು ಮಾಡಿಸಬಹುದೇ ಎಂದು ವೈದ್ಯರಲ್ಲಿ ಮೊದಲೇ ಕೇಳಬೇಕು. ಮಗುವಿಗೆ ಹಾಕಿಸಿದ ಲಸಿಕೆಗಳ ವಿವರವಿರುವ, ಊರಿನಿಂದ ತಂದ ತಾಯಿ ಕಾರ್ಡನ್ನು ಜೋಪಾನವಾಗಿಟ್ಟಿರಬೇಕು. ಇನ್ನೊಂದು ಎಚ್ಚರಿಕೆ ಕನ್ನಡಕ್ಕೇ ಸಂಬಂಧಿಸಿದ್ದು: ಅಜ್ಜ ಅಜ್ಜಿಯರ ಕಾಯಿಲೆಯ ಮಾತನ್ನು ಮೊಮ್ಮಕ್ಕಳಿಂದ ಭಾಷಾಂತರ ಮಾಡಿಸುವುದು ಮನೆಮನೆಯ ರೂಢಿಯಾದರೂ, ತುರ್ತು ಸಂದರ್ಭದ ಹೊರತು ಅಪ್ರಾಪ್ತರನ್ನು ದುಭಾಷಿಗಳಾಗಿ ಬಳಸಲು ಇಲ್ಲಿನ ನಿಯಮ ಆಸ್ಪತ್ರೆಗಳಿಗೆ ಅವಕಾಶ ಕೊಡುವುದಿಲ್ಲ. ಕನ್ನಡ ಬಲ್ಲ ದುಭಾಷಿಯನ್ನು, ದೂರವಾಣಿಯ ಮೂಲಕವಾದರೂ, ಉಚಿತವಾಗಿ ಒದಗಿಸುವಂತೆ ಕುಟುಂಬದವರು ಕೇಳಿಕೊಳ್ಳಬಹುದು.