ಕುದುರೆ ಯಾರದು?

ಮಗಾ, ಪಾಲಿನ ಜಗಳದಲ್ಲಿ ದೊಡ್ಡಪ್ಪನ ಕಡೆ ಸಾಕ್ಷಿ ಹೇಳಲೋ ಚಿಕ್ಕಪ್ಪನ ಕಡೆಯೋ ಎಂದು ಕೇಳಿದೆಯಲ್ಲ. ನಾನು ತಾಯಿ ಕಡೆಯ ತಾತ, ಆ ಜಮೀನಿನ ಮಾತು ನನಗೆ ಬೇಡ. ನಮ್ಮೂರ ಜಹಗೀರ್ದಾರ್ ಬಂಗಲೆ ಮುಂದೆ ಹಾದುಹೋಗುವಾಗ ನೆನಪಾಗುವ ಒಂದು ಸಂಗತಿ ಹೇಳುತ್ತೇನೆ, ಕೇಳು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸವಾರರು ಒಂದೇ ದಿನಕ್ಕೆ ಧಣಿಯಿಲ್ಲದವರಾದರು. ಅವರಲ್ಲಿ ನಿನ್ನ ವಯಸ್ಸಿನ ಒಬ್ಬನನ್ನು ನೆನೆಸಿಕೋ. ಸಂಬಳ ನಿಂತಿದೆ, ಕುದುರೆಗೆ ಹುರುಳಿಯಿಲ್ಲ. ಅತ್ತ ಚನ್ನಗಿರಿಯ ಧೋಂಡಿಯ ವಾಘ್, ಟಿಪ್ಪುವಿನ ಸೆರೆಯಿಂದ ಆಗಷ್ಟೇ ಹೊರಬಿದ್ದವನು, ದಂಡು ಕಟ್ಟುತ್ತಿದ್ದಾನೆ. ಇತ್ತ ದಿವಾನ್ ಪೂರ್ಣಯ್ಯನವರು ಐದೂ ತುಂಬದ ಮುಮ್ಮಡಿ ಕೃಷ್ಣರಾಜರ ಹೆಸರಲ್ಲಿ ಸವಾರರನ್ನು ಸೇರಿಸುತ್ತಿದ್ದಾರೆ. ಕೆಲವರು ಅತ್ತ ಹೋದರು, ಕೆಲವರು ಇತ್ತ. ನಿನ್ನೆ ಒಂದೇ ಲಾಯದಲ್ಲಿ ಕುದುರೆ ಕಟ್ಟಿದವರು ಮರುವರ್ಷ ಎದುರುಬದುರಾದರು.

ಪೂರ್ಣಯ್ಯನವರೂ ಹೈದರ್, ಟಿಪ್ಪು, ಒಡೆಯರು ಎಂದು ಮೂರು ಕಡೆಯ ಉಪ್ಪು ಉಂಡವರೇ. 1807ರಲ್ಲಿ ನಮ್ಮ ಯಳಂದೂರು ಅವರಿಗೆ ಜಹಗೀರಾಗಿ ಬಂತು. ಉಂಡ ಮನೆಗೆ ಎರಡು ಬಗೆದರು ಅನ್ನುವವರೂ ಇದ್ದಾರೆ, ನಾಡು ಉಳಿಸಿದರು ಅನ್ನುವವರೂ ಇದ್ದಾರೆ. ಅವರ ಬಂಗಲೆಯ ನೆರಳಲ್ಲಿ ಗೋಲಿ ಆಡಿ ಬೆಳೆದ ನನ್ನ ತೀರ್ಪನ್ನು ಯಾರು ನಂಬುತ್ತಾರೆ, ಬಿಡು.

ನಾನು ಹೇಳಹೊರಟಿದ್ದು ಬೇರೆ. ಸವಾರರಲ್ಲಿ ಎರಡು ಬಗೆ. ಸಿಲ್ಲೇದಾರನದು ಸ್ವಂತ ಕುದುರೆ, ಸ್ವಂತ ಕತ್ತಿ. ಬಾರಗೀರ ಕೂರುವುದು ಇನ್ನೊಬ್ಬರ ಕುದುರೆ ಮೇಲೆ. ಧಣಿ ಲಗಾಮು ಕಿತ್ತುಕೊಂಡರೆ ಅವನು ಬರಿಗಾಲಿನವನು. ಸಿಲ್ಲೇದಾರನಿಗೂ ಕಷ್ಟವಿತ್ತು. ಕುದುರೆ ಸತ್ತರೆ ಹೊಟ್ಟೆಪಾಡೇ ಹೋಯಿತು, ಹಾಗಾಗಿ ಯುದ್ಧದಲ್ಲಿ ತುಸು ಹಿಂದೆಯೇ ನಿಲ್ಲುತ್ತಾನೆ ಎಂಬ ಮಾತು ಅವನ ಮೇಲಿತ್ತು. ಆದರೂ ಯಾವ ಕಡೆ ತಿರುಗಬೇಕೆಂಬುದು ಅವನ ಕೈಯಲ್ಲೇ ಇತ್ತು.

1800ರ ಸೆಪ್ಟೆಂಬರ್ 10ರಂದು ಧೋಂಡಿಯ ಸತ್ತ. ಅವನ ಸಾಮಾನು ಸರಂಜಾಮಿನ ನಡುವೆ ಒಂದು ಪುಟ್ಟ ಮಗು ಸಿಕ್ಕಿತು, ಅವನ ಮಗ ಸಲಾಬತ್ ಖಾನ್. ಧೋಂಡಿಯನ ಬೆನ್ನಟ್ಟಿ ಬಂದಿದ್ದ ಇಂಗ್ಲಿಷ್ ದಂಡನಾಯಕ ವೆಲ್ಲೆಸ್ಲಿಯೇ ಆ ಮಗುವನ್ನು ಸಾಕಿದ, ದೇಶ ಬಿಡುವಾಗ ಅವನ ಹೆಸರಿಗೆ ಹಣ ಇಟ್ಟುಹೋದ. ಹುಡುಗ ಬೆಳೆದು ಸೇರಿದ್ದು ಮೈಸೂರು ಅರಸರ ಚಾಕರಿಗೆ! ಅಪ್ಪ ಯಾರ ಮೇಲೆ ಕತ್ತಿ ಹಿರಿದಿದ್ದನೋ ಅವರ ಉಪ್ಪನ್ನೇ ಮಗ ಉಂಡ. ನಿನ್ನ ದೊಡ್ಡಪ್ಪ, ಚಿಕ್ಕಪ್ಪಂದಿರ ಮಕ್ಕಳೂ ನಾಳೆ ಬಿಳಿಗಿರಿರಂಗನ ತೇರಿಗೆ ಒಟ್ಟಿಗೆ ಬೆಟ್ಟ ಹತ್ತುವವರೇ.

ನೀನು ನೋಡಿದ್ದನ್ನು ನೋಡಿದ ಹಾಗೆ ಹೇಳು. ಆದರೆ ಅದಕ್ಕೆ ಮೊದಲು, ದೊಡ್ಡಪ್ಪ ಕೊಡಿಸುತ್ತೇನೆಂದ ಬೈಕು ಬೇಡ ಅನ್ನು. ಸಾಕ್ಷಿ ಹೇಳಲು ಕೊಳ್ಳೇಗಾಲಕ್ಕೆ ಬಸ್ಸಿನಲ್ಲೇ ಹೋಗು. ಟಿಕೆಟ್ ಕಾಸನ್ನು ನನ್ನ ಹತ್ತಿರವೂ ಕೇಳಬೇಡ.