ಹಾಜರಿಯ ಗಳಿಗೆ

ಸಕಲೇಶಪುರ, ಆಲೂರುಗಳ ಮಲೆಸೀಮೆಯ ಪ್ರೌಢಶಾಲೆಗಳಲ್ಲಿ ತರಗತಿಯ ಹೊಣೆ ಹೊತ್ತ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿನಂತಿ: ಪ್ರಾರ್ಥನೆ ಮುಗಿದೊಡನೆ ಹೆಸರು ಕೂಗಿ, ಬಿಸಿಯೂಟಕ್ಕೆ ತಲೆ ಎಣಿಸಿ, ಪಾಠಕ್ಕೆ ಧಾವಿಸುವ ಆ ಮೊದಲ ಗಳಿಗೆಯನ್ನು ಕೇವಲ ಲೆಕ್ಕಕ್ಕೆ ವ್ಯಯಿಸಬೇಡಿರಿ. 2014ರಲ್ಲಿ ಆಲೂರಿನ ಸುತ್ತ ಹಲವು ಆನೆಗಳನ್ನು ಸೆರೆಹಿಡಿದು ಸಾಗಿಸಿದ ಮೇಲೂ ಕಾಡಾನೆಯ ಭೀತಿ ತೊಲಗದ ಈ ನಾಡಿನಲ್ಲಿ, ಕಾಫಿ ತೋಟದ ಲೈನುಮನೆಯಿಂದ ಮುಂಗಾರಿನ ಜಡಿಮಳೆಗೆ ನೆನೆಯುತ್ತ, ತಿರುವು ತಿರುವಿನಲ್ಲಿಯೂ ಕಿವಿಗೊಟ್ಟು ನಡೆದುಬಂದ ಬಾಲಕಿಯ ಚಿತ್ತವು ಹೆಸರಿಗೆ ಓಗೊಟ್ಟ ಮಾತ್ರಕ್ಕೆ ಪಾಠಕ್ಕೆ ಸಿದ್ಧವಾಯಿತೆಂದು ಭಾವಿಸಲಾಗದು. ದಾರಿ ಹೇಗಿತ್ತು, ಬೆಳಗ್ಗೆ ಏನು ತಿಂದೆ, ನಿನ್ನೆ ಬಾರದ ಗೆಳತಿಗೇನಾಯಿತು ಎಂದು ದಿನಕ್ಕೆ ನಾಲ್ವರನ್ನಾದರೂ ಕೇಳಿರಿ. ಕಾಫಿ ಕೊಯ್ಲಿನ ಕಾಲಕ್ಕೆ ಶಾಲೆ ತಪ್ಪಲಿರುವ ಮಕ್ಕಳ ಸುಳಿವು ಹಾಜರಿ ಪುಸ್ತಕಕ್ಕಿಂತ ಮೊದಲು ಇಂಥ ಮಾತಿನಲ್ಲಿಯೇ ದೊರೆಯುವುದು. ನಾಳೆಯಿಂದಲೇ ಆರಂಭಿಸಿರಿ.